ಚಿತ್ರದ ಮೇಲಿನ ಅಕ್ಷರ, ಚಿತ್ರದೊಳಗಿನ ಅಕ್ಷರ

ಛಾಯಾಚಿತ್ರಗಳನ್ನು ತಿದ್ದುವ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ, ಅದಕ್ಕೆ ಬದಲಾಗಬೇಕೇ ಅಥವಾ ಹಳೆಯದರಲ್ಲಿಯೇ ಮುಂದುವರಿಯಬೇಕೇ ಎಂಬ ಪ್ರಶ್ನೆ ಏಳುತ್ತದೆ. ಇದು ಗಣಕಶಾಸ್ತ್ರದವರ ಚಿಂತೆ, ಕನ್ನಡ ವಿದ್ಯಾರ್ಥಿಗಳಿಗೆ ಇದರಿಂದ ಆಗಬೇಕಾದುದೇನು ಎಂದು ಯಾರಾದರೂ ಕೇಳಬಹುದು. ಆದರೆ ಉದ್ದನಪಲ್ಲಿ, ಕೆಲಮಂಗಲ, ಶೂಲಗಿರಿಗಳ ಸುತ್ತಿನ ಊರುಗಳಿಂದ ಬರುವ ನಿಮಗೆ ಇದು ದೂರದ ವಿಷಯವಲ್ಲ. ಮದುವೆಯ ಆಲ್ಬಂ, ಜಾತ್ರೆಯ ಫ್ಲೆಕ್ಸ್, ತೀರಿಕೊಂಡ ಹಿರಿಯರ ಭಾವಚಿತ್ರ ಇವುಗಳ ಮೇಲೆ ಕನ್ನಡದಲ್ಲಿ ಹೆಸರು ಬರೆಯಿಸಲು ಹೋದಾಗ ‘ಕನ್ನಡ ಸರಿಯಾಗಿ ಬರುವುದಿಲ್ಲ, ಇಂಗ್ಲಿಷಿನಲ್ಲಿ ಹಾಕೋಣವೇ’ ಎಂಬ ಮಾತು ಗಡಿಭಾಗದಲ್ಲಿ ಕೇಳಿಬರುತ್ತದೆ. ಹೀಗೆ ಒಂದೊಂದು ಹೆಸರು ಜಾರಿದಂತೆ, ಮನೆಯ ಗೋಡೆಯ ಮೇಲಿನ ಕನ್ನಡವೂ ಜಾರುತ್ತದೆ. ಆದ್ದರಿಂದ ಕನ್ನಡ ಏಕೆ ‘ಬರುವುದಿಲ್ಲ’ ಎಂಬುದನ್ನು ಮೊದಲು ತಿಳಿಯಬೇಕು.

ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ಸ್ಥಾನವಿದೆ. ಅದರಲ್ಲಿ ಪ್ರತಿಯೊಂದು ಮೂಲಾಕ್ಷರಕ್ಕೂ ಸ್ವರಚಿಹ್ನೆಗೂ ಒಂದು ಸಂಖ್ಯೆಯುಂಟು. ಒತ್ತಕ್ಷರಗಳಿಗೆ ಬೇರೆ ಸಂಖ್ಯೆಗಳಿಲ್ಲ. ‘ಸ್ತ್ರೀ’ ಎಂಬುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕಕ್ಕಾದರೋ ಅದು ಸಕಾರ, ವಿರಾಮಚಿಹ್ನೆ, ತಕಾರ, ಮತ್ತೆ ವಿರಾಮಚಿಹ್ನೆ, ರಕಾರ, ಈಕಾರದ ಚಿಹ್ನೆ ಎಂಬ 6 ಸಂಕೇತಗಳ ಸಾಲು. ಈ ಸಾಲನ್ನು ಓದಿ, ಯಾವುದು ಒತ್ತಾಗಬೇಕು, ಯಾವುದು ಎಲ್ಲಿ ಕೂರಬೇಕು ಎಂದು ನಿರ್ಧರಿಸುವ ಕೆಲಸ ತಂತ್ರಾಂಶದೊಳಗಿನ ಅಕ್ಷರಜೋಡಣೆಯ ಯಂತ್ರದ್ದು. ಆ ಯಂತ್ರವಿಲ್ಲದ ಹಳೆಯ ಆವೃತ್ತಿಯಲ್ಲಿ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಸಂಧಿಕಾರ್ಯ ನಡೆಯದ ಪದಗಳಂತೆ ಅವು ಅಕ್ಕಪಕ್ಕದಲ್ಲಿದ್ದರೂ ಒಂದಾಗುವುದಿಲ್ಲ.

ಮರಾಠಿಯನ್ನೂ ಕನ್ನಡವನ್ನೂ ಜೊತೆಯಲ್ಲಿ ಕಲಿತ ನನ್ನಂಥವರಿಗೆ ಲಿಪಿಗಳ ಈ ನಡೆ ಚಿಕ್ಕಂದಿನಲ್ಲಿಯೇ ಕಣ್ಣಿಗೆ ಬೀಳುತ್ತದೆ. ಮರಾಠಿಯ ಬಾಳಬೋಧ ಲಿಪಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನವು ಅರ್ಧವಾಗಿ ಎರಡನೆಯದರ ಪಕ್ಕದಲ್ಲಿ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲನೆಯದು ಇಡಿಯಾಗಿ ನಿಂತು ಎರಡನೆಯದು ಒತ್ತಾಗುತ್ತದೆ. ‘ಅರ್ಥ’ ಎಂಬಲ್ಲಿಯ ರಕಾರವು ಮರಾಠಿಯಲ್ಲಿ ಥಕಾರದ ತಲೆಯನ್ನೇರಿದರೆ, ಕನ್ನಡದಲ್ಲಿ ಅರ್ಕಾವತ್ತಾಗಿ ಅದರ ಬಲಕ್ಕೆ ಸರಿಯುತ್ತದೆ. ತಮಿಳಿನಲ್ಲಿ ‘ಕ್ಷ’, ‘ಶ್ರೀ’ಗಳಂಥ ಕೆಲವನ್ನು ಬಿಟ್ಟರೆ ಒತ್ತಕ್ಷರಗಳೇ ಇಲ್ಲ; ವ್ಯಂಜನದ ಮೇಲೆ ಪುಳ್ಳಿ ಇಟ್ಟರೆ ಸಾಕು. ಎ, ಏ, ಐ ಚಿಹ್ನೆಗಳು ವ್ಯಂಜನದ ಎಡಕ್ಕೆ ಬರಬೇಕಾದ್ದರಿಂದ ತಮಿಳಿಗೂ ತೊಡಕು ತಪ್ಪಿದ್ದಲ್ಲ. ಆದರೆ ಅದೇ ಹಳೆಯ ತಂತ್ರಾಂಶದಲ್ಲಿ ಕನ್ನಡದ ಹಾನಿ ಹೆಚ್ಚು. ‘ಕನ್ನಡ ಬರುವುದಿಲ್ಲ’ ಎಂಬುದು ಭಾಷೆಯ ಕೊರತೆಯಲ್ಲ, ಉಪಕರಣದ ಕೊರತೆ.

ಹಾಗಾದರೆ ಹಿಂದಿನವರು ಹೇಗೆ ನಿಭಾಯಿಸಿದರು? ಶ್ರೀಲಿಪಿ, ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟು ಕೆಲಸ ಸಾಗಿಸಿದವು. ನೋಟಕ್ಕೆ ಅದು ಕನ್ನಡ. ಗಣಕಕ್ಕೆ ಅರ್ಥವಿಲ್ಲದ ರೋಮನ್ ಸಾಲು. ಕಾಗದದ ಮೇಲೆ ಅಚ್ಚಾಗುವುದಷ್ಟೇ ಗುರಿಯಾಗಿದ್ದಾಗ ಈ ಉಪಾಯ ಸಾಕಾಗಿತ್ತು. ನಮ್ಮ ಎಷ್ಟೋ ಪುಸ್ತಕಗಳ ಮುಖಪುಟಗಳು ಅದರಿಂದಲೇ ರೂಪುಗೊಂಡವು. ಈಗ ಹೆಸರುಗಳು ಮೊಬೈಲಿನಿಂದ ಯೂನಿಕೋಡಿನಲ್ಲಿ ಬರುತ್ತವೆ. ಅವನ್ನು ಹಳೆಯ ತಂತ್ರಾಂಶಕ್ಕೆ ಅಂಟಿಸಿದರೆ ಒಡೆಯುತ್ತವೆ. ಮತ್ತೆ ಬೆರಳಚ್ಚು ಮಾಡಿದರೆ, ಕನ್ನಡ ಬಾರದವರ ಕೈಯಲ್ಲಿ ‘ಲಕ್ಷ್ಮಮ್ಮ’ ಏನಾದೀತೆಂದು ಊಹಿಸಿಕೊಳ್ಳಿ.

ಆದುದರಿಂದ ಚಿತ್ರದ ಮೇಲೆ ಕನ್ನಡ ಬರೆಯಬೇಕಾದವರಿಗೆ ಬದಲಾವಣೆ ಅಗತ್ಯ. ಆದರೆ ಬದಲಾವಣೆಯೆಂದರೆ ದುಬಾರಿ ಖರೀದಿ ಎಂದೇ ಆಗಬೇಕಿಲ್ಲ. ಫೋಟೋಶಾಪ್‌ನಲ್ಲಿ ಒಮ್ಮೆ ಹಣ ತೆತ್ತು ಶಾಶ್ವತವಾಗಿ ಬಳಸಬಹುದಾಗಿದ್ದ ಕೊನೆಯ ಮುಖ್ಯ ಆವೃತ್ತಿ 2012ರ ಸಿಎಸ್6. 2013ರಿಂದ ಬಂದವು ಚಂದಾ ಪದ್ಧತಿಯವು, ಚಂದಾ ನಿಂತರೆ ಬಳಕೆಯೂ ನಿಲ್ಲುತ್ತದೆ. ಉಚಿತವಾದ ಗಿಂಪ್ ಯೂನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಅದರ 3.0 ಆವೃತ್ತಿ 2025ರಲ್ಲಿ ಬಂದಿದೆ. ಇನ್ನೊಂದು ಸಂಗತಿ: ಫೋಟೋಶಾಪ್‌ನ ಚಂದಾ ಆವೃತ್ತಿಗಳಿದ್ದೂ ಕನ್ನಡ ಒಡೆಯುವುದುಂಟು. ಆಗ ಟೈಪ್ ವಿಭಾಗದ ಆಯ್ಕೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ಜೋಡಣೆಯನ್ನು ಗುರುತಿಸಿದೆಯೇ ಎಂದು ನೋಡಬೇಕು. ತಂತ್ರಾಂಶ ಯಾವುದೇ ಇರಲಿ, ನಿರ್ಧರಿಸುವ ಮುನ್ನ ‘ಸ್ತ್ರೀ, ಅರ್ಥ, ಜ್ಞಾನ, ರಾಷ್ಟ್ರ, ಲಕ್ಷ್ಮಿ’ ಎಂಬ ಐದು ಪದಗಳನ್ನು ಅದರಲ್ಲಿ ಬರೆದು ನೋಡಿ. ಐದೂ ಸರಿಯಾಗಿ ಮೂಡಿದರೆ ಅದು ನಿಮಗೆ ಸಾಕು.

ಇನ್ನು ಚಿತ್ರದೊಳಗಿನ ಅಕ್ಷರದ ಮಾತು. ಕೃಷ್ಣಗಿರಿ, ಧರ್ಮಪುರಿ ಸೀಮೆಯಲ್ಲಿ ವೀರಗಲ್ಲುಗಳು ಹೇರಳವಾಗಿವೆ. ನೊಳಂಬರು ಆಳಿದ ಈ ನೆಲದಲ್ಲಿ ತಮಿಳು ಶಾಸನಗಳ ಜೊತೆಗೆ ಕನ್ನಡ ಶಾಸನಗಳೂ ದೊರೆಯುತ್ತವೆ. ಕ್ಷೇತ್ರಕಾರ್ಯಕ್ಕೆ ಹೋದವರು ಇಂಥ ಕಲ್ಲುಗಳ ಚಿತ್ರಗಳನ್ನು ತರುತ್ತೀರಿ. ಸವೆದ ಅಕ್ಷರವನ್ನು ಓದಲು ಬೇಕಾದುದು ಹೊಸ ತಂತ್ರಾಂಶಕ್ಕಿಂತ ಮಿಗಿಲಾಗಿ ಓರೆಯಾಗಿ ಬೀಳುವ ಬೆಳಕು. ಬೆಳಗಿನ ಅಥವಾ ಸಂಜೆಯ ಬಿಸಿಲಿನಲ್ಲಿ ಕೊರೆದ ಗೆರೆಯೊಳಗೆ ನೆರಳು ತುಂಬಿ ಅಕ್ಷರ ಎದ್ದು ಕಾಣುತ್ತದೆ, ನಡುಹಗಲಲ್ಲಿ ಮಾಯವಾಗುತ್ತದೆ. ಕಲ್ಲು ನೆರಳಿನಲ್ಲಿದ್ದರೆ ಕನ್ನಡಿಯಿಂದ ಬಿಸಿಲನ್ನು ಓರೆಯಾಗಿ ತಿರುಗಿಸಬಹುದು. ಮುಂದೆ ಉಳಿಯುವುದು ಬಣ್ಣ ತೆಗೆಯುವುದು, ಕಪ್ಪುಬಿಳುಪಿನ ಅಂತರ ಹೆಚ್ಚಿಸುವುದು. ಇದಕ್ಕೆ ಇಪ್ಪತ್ತು ವರ್ಷ ಹಿಂದಿನ ಆವೃತ್ತಿಯೂ ಸಾಕು.

ಹೊಸ ಆವೃತ್ತಿಗಳ ಆಕರ್ಷಣೆ ಬೇರೊಂದು ಕಡೆಗಿದೆ. 2023ರಿಂದ ಫೋಟೋಶಾಪ್‌ನಲ್ಲಿ, ಖಾಲಿ ಬಿಟ್ಟ ಜಾಗವನ್ನು ಕೃತಕ ಬುದ್ಧಿಮತ್ತೆಯೇ ತುಂಬಿಕೊಡುವ ಸೌಲಭ್ಯ ಸೇರಿದೆ. ಮದುವೆಯ ಚಿತ್ರದಲ್ಲಿ ಅಡ್ಡಬಂದ ಕುರ್ಚಿಯನ್ನು ಅಳಿಸಲು ಅದು ಉಪಯುಕ್ತ. ಶಾಸನದ ಚಿತ್ರದಲ್ಲಿ ಅದೇ ಅಪಾಯಕಾರಿ. ಮುರಿದ ಕಲ್ಲಿನ ಅಂಚಿನಲ್ಲಿ ಅದು ತುಂಬುವುದು ಕಲ್ಲಿನಲ್ಲಿ ಇದ್ದುದನ್ನಲ್ಲ, ಇದ್ದಿರಬಹುದೆಂದು ತೋರುವಂಥದನ್ನು. ಗ್ರಂಥಸಂಪಾದನೆಯಲ್ಲಿ ನೀವು ಓದಿದ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ತಾಳೆಗರಿಯಲ್ಲಿ ಅಕ್ಷರ ಲುಪ್ತವಾಗಿದ್ದರೆ ಸಂಪಾದಕನು ಅಲ್ಲಿ ಚುಕ್ಕಿಗಳನ್ನಿಡುತ್ತಾನೆ. ತನ್ನ ಊಹೆಯನ್ನು ಆವರಣದಲ್ಲಿ ಬೇರೆಯಾಗಿ ತೋರಿಸುತ್ತಾನೆ. ಊಹೆಯನ್ನೇ ಮೂಲಪಾಠದೊಳಗೆ ಬೆರೆಸಿದರೆ ಮುಂದಿನವರಿಗೆ ಸತ್ಯವನ್ನು ಬೇರ್ಪಡಿಸಲು ದಾರಿಯೇ ಇರುವುದಿಲ್ಲ. ಕಲ್ಲು ನಾಳೆ ರಸ್ತೆಯ ಕೆಳಗೆ ಹೋದರೆ ಉಳಿಯುವುದು ನಿಮ್ಮ ಚಿತ್ರವೊಂದೇ.

ಆದ್ದರಿಂದ ಕ್ಯಾಮೆರಾದಿಂದ ಬಂದ ಮೂಲಚಿತ್ರವನ್ನು ಮುಟ್ಟದೆ ಪ್ರತ್ಯೇಕವಾಗಿ ಇರಿಸಿ; ತಿದ್ದುವುದು ಏನಿದ್ದರೂ ಪ್ರತಿಯಲ್ಲಿ ನಡೆಯಲಿ. ಊರು, ದಿನಾಂಕ, ಮಾಡಿದ ತಿದ್ದುಪಡಿ ಇವನ್ನು ಜೊತೆಯಲ್ಲಿ ಬರೆದಿಡಿ. ಹಳೆಯ ಅಕ್ಷರಶೈಲಿಯಲ್ಲಿ ಬರೆದ ಪದರಗಳಿರುವ ಕಡತಗಳನ್ನು ಹೊಸ ತಂತ್ರಾಂಶದಲ್ಲಿ ತೆರೆಯುವ ಮೊದಲು, ಅವು ಸರಿಯಾಗಿ ಕಾಣುತ್ತಿರುವಾಗಲೇ ಒಂದು ಚಿತ್ರಪ್ರತಿಯನ್ನು ಉಳಿಸಿಕೊಳ್ಳಿ. ಆ ಶೈಲಿ ಹೊಸ ಗಣಕದಲ್ಲಿ ಇಲ್ಲದಿದ್ದರೆ ಉಳಿಯುವುದು ರೋಮನ್ ಸಾಲಷ್ಟೇ.

ಹೊಸತೆಂಬ ಕಾರಣಕ್ಕೆ ಕೊಳ್ಳುವುದೂ ಹಳೆಯದೆಂಬ ಮಮತೆಯಿಂದ ಹಿಡಿದುಕೊಳ್ಳುವುದೂ ವಿವೇಕವಲ್ಲ. ಬರೆಯುವ ಕನ್ನಡವು ಒಡೆಯದಂತೆ ಮೂಡಬೇಕು, ಬರೆದಿರುವ ಕನ್ನಡವು ಇದ್ದಂತೆಯೇ ಉಳಿಯಬೇಕು. ಈ ಎರಡನ್ನೂ ನಡೆಸಿಕೊಡುವ ತಂತ್ರಾಂಶ ಯಾವ ವರ್ಷದ್ದಾದರೂ ಆಗಬಹುದು.