ಜಾಮೀನಿನ ರುಜು, ಸಾಲದ ಹೊಣೆ

‘ಬರೀ ಒಂದು ಸೈನ್ ಅಷ್ಟೇ, ನಿಮಗೇನೂ ಆಗಲ್ಲ’ ಎಂಬ ಮಾತು ನಂಬಿ ಸೊಸೈಟಿ ಸಾಲಕ್ಕೆ ಶ್ಯೂರಿಟಿ ಹಾಕಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಭಾವಮೈದುನನಿಗೋ ಸಹೋದ್ಯೋಗಿಗೋ ಇಲ್ಲವೆನ್ನಲು ದಾಕ್ಷಿಣ್ಯ. ಕಂತು ನಿಂತು ನೋಟಿಸ್ ಮನೆಗೆ ಬಂದಾಗಲೇ, ತಾವು ಹಾಕಿದ್ದು ಸಾಕ್ಷಿಯ ರುಜುವಲ್ಲ ಎಂದು ಗೊತ್ತಾಗುವುದು.

1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ. ‘ಮೊದಲು ಅವನ ಆಸ್ತಿ ಜಪ್ತಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ’ ಎನ್ನುವಂತಿಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1968ರಲ್ಲೇ ಇದನ್ನು ಸ್ಪಷ್ಟಪಡಿಸಿತು.

ಹಾಗೆಂದು ಕಾನೂನು ಜಾಮೀನುದಾರನ ಕೈಬಿಟ್ಟಿಲ್ಲ. ಅವನ ಒಪ್ಪಿಗೆಯಿಲ್ಲದೆ ಸಾಲದ ಷರತ್ತು ಬದಲಾಯಿಸಿದರೆ, ಬದಲಾವಣೆಯ ನಂತರದ ವ್ಯವಹಾರಕ್ಕೆ ಅವನು ಹೊಣೆಯಲ್ಲ. ಅವನು ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡಿಕೊಳ್ಳುವ ಹಕ್ಕನ್ನು 145ನೇ ಕಲಂ ಕೊಡುತ್ತದೆ.

ಸಾಲದ ಜಾಮೀನಿನಲ್ಲಿ ಹೊಣೆ ಹಣಕ್ಕಾದರೆ, ಕೋರ್ಟಿನ ಜಾಮೀನಿನಲ್ಲಿ ಹೊಣೆ ಹೊರುವುದು ಆರೋಪಿಯ ಹಾಜರಾತಿಗೆ. ಪಹಣಿ ಹಿಡಿದು ಬಂದು ಬಾಂಡಿಗೆ ರುಜು ಹಾಕಿದವನು, ಆರೋಪಿ ತಲೆಮರೆಸಿಕೊಂಡರೆ ಬಾಂಡಿನ ಹಣ ಕಟ್ಟಬೇಕಾಗುತ್ತದೆ. ಆರೋಪಿಯ ಶಿಕ್ಷೆ ಮಾತ್ರ ಅವನ ತಲೆಗೆ ಬರುವುದಿಲ್ಲ.

ಆಸ್ತಿಯಿಲ್ಲದವರಿಗೆ ಜಾಮೀನು ಕೊಡುವವರು ಯಾರು? 1978ರ ಮೋತಿರಾಮ್ ಪ್ರಕರಣದಲ್ಲಿ ಈ ಪ್ರಶ್ನೆ ಎದ್ದಿತು. ಮಧ್ಯಪ್ರದೇಶದ ಗಾರೆ ಕೆಲಸದವನೊಬ್ಬನಿಂದ ಕೆಳಗಿನ ಕೋರ್ಟ್ 10,000 ರೂಪಾಯಿಯ ಜಾಮೀನು ಕೇಳಿತ್ತು. ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಸಹೋದರನ ಜಾಮೀನನ್ನೂ ಒಪ್ಪಿರಲಿಲ್ಲ. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಇದನ್ನು ಅನ್ಯಾಯವೆಂದು ಕಂಡು, 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡುಗಡೆಗೆ ಆದೇಶಿಸಿತು.

ಇನ್ನೊಬ್ಬರಿಗೆ ಹೊಣೆಯಾಗುವ ಮಾತು ಕಾನೂನಿನಲ್ಲಷ್ಟೇ ಅಲ್ಲ, ಧರ್ಮಗ್ರಂಥದಲ್ಲೂ ಇದೆ. ಬೈಬಲ್ಲಿನಲ್ಲಿ ಹೊಣೆಗಾರಿಕೆಗೆ ಎರಡು ಮುಖ. ಪರರ ಸಾಲಕ್ಕೆ ಹೊಣೆಯಾಗಬೇಡ ಎಂದು ಜ್ಞಾನೋಕ್ತಿಗಳು ಮತ್ತೆ ಮತ್ತೆ ಎಚ್ಚರಿಸುತ್ತವೆ. ಆದಿಕಾಂಡದಲ್ಲಾದರೋ ಬರಗಾಲದ ದಿನಗಳಲ್ಲಿ ಯೆಹೂದನು ತಮ್ಮ ಬೆನ್ಯಾಮೀನನಿಗೆ ತಾನೇ ಹೊಣೆಯೆಂದು ತಂದೆಗೆ ಮಾತು ಕೊಡುತ್ತಾನೆ. ಧಾನ್ಯಕ್ಕಾಗಿ ಹೋದ ಈಜಿಪ್ಟಿನಲ್ಲಿ ತಮ್ಮನ ಚೀಲದಲ್ಲಿ ಅಲ್ಲಿನ ಅಧಿಕಾರಿಯ ಬೆಳ್ಳಿಯ ಬಟ್ಟಲು ಸಿಕ್ಕಾಗ, ಅವನ ಬದಲು ತನ್ನನ್ನೇ ಗುಲಾಮನನ್ನಾಗಿ ಇರಿಸಿಕೊಳ್ಳಿ ಎಂದು ಬೇಡುತ್ತಾನೆ.

ಇಬ್ರಿಯರಿಗೆ ಬರೆದ ಪತ್ರದ 7ನೇ ಅಧ್ಯಾಯ ಯೇಸುವನ್ನು ಶ್ರೇಷ್ಠವಾದ ಒಡಂಬಡಿಕೆಯ ಹೊಣೆಗಾರ ಎನ್ನುತ್ತದೆ. ದೇವರ ವಾಗ್ದಾನ ತಪ್ಪುವುದಿಲ್ಲ ಎಂಬುದಕ್ಕೆ ಅವನೇ ಖಾತರಿ ಎಂದು ಕೆಲವರು ಇದನ್ನು ಅರ್ಥೈಸಿದರೆ, ಮನುಷ್ಯ ತೀರಿಸಲಾಗದ ಪಾಪದ ಸಾಲವನ್ನು ಅವನು ತನ್ನ ಪ್ರಾಣ ಕೊಟ್ಟು ತೀರಿಸಿದ ಎಂದು ಹಲವರು ನಂಬುತ್ತಾರೆ. ಕರಾರು ಕಾಯ್ದೆಯ ಜಾಮೀನುದಾರ ಕಟ್ಟಿದ್ದನ್ನು ಸಾಲಗಾರನಿಂದ ವಸೂಲು ಮಾಡಬಹುದು. ಕ್ರೈಸ್ತರ ನಂಬಿಕೆಯಲ್ಲಿ ಈ ಹೊಣೆಗಾರ ತೀರಿಸಿದ ಸಾಲಕ್ಕೆ ಮರುಪಾವತಿಯಿಲ್ಲ.