ನಿಮಗಿದು ಗೊತ್ತೆ? ನೆನಪಿನಲ್ಲೂ ಎಡಭಾಗ ಮಾಯ!
ಕಣ್ಣು, ಕಿವಿ, ಚರ್ಮದಿಂದ ಬಂದ ಮಾಹಿತಿಯನ್ನು ಒಂದುಗೂಡಿಸಿ ಅರ್ಥ ಕೊಡುವ ಮಿದುಳಿನ ಹೊರಪದರದ ಭಾಗವೇ ಅಸೋಸಿಯೇಷನ್ ಕಾರ್ಟೆಕ್ಸ್. ಬಲ ಮಿದುಳಿನ ಪರೈಟಲ್ ಹಾಲೆಯಲ್ಲಿ ಇದಕ್ಕೆ ಪೆಟ್ಟಾದರೆ, ದೃಷ್ಟಿ ಸರಿಯಿದ್ದರೂ ಕೆಲವರಿಗೆ ಎಡಬದಿಯ ಪರಿವೆಯೇ ಇರುವುದಿಲ್ಲ. ತಟ್ಟೆಯ ಎಡ ಅರ್ಧದ ಊಟ ಹಾಗೇ ಉಳಿಯುತ್ತದೆ.

ಇಟಲಿಯ ಸಂಶೋಧಕರಾದ ಬಿಸಿಯಾಕ್ ಮತ್ತು ಲುಝಾಟಿ ಇಂಥ ಇಬ್ಬರು ರೋಗಿಗಳಿಗೆ ಮಿಲಾನ್ ನಗರದ ಕೆಥೆಡ್ರಲ್ ಚೌಕವನ್ನು ಮನಸ್ಸಿನಲ್ಲೇ ನೋಡಲು ಹೇಳಿದರು. ಕೆಥೆಡ್ರಲ್‌ಗೆ ಎದುರಾಗಿ ನಿಂತಂತೆ ಕಲ್ಪಿಸಿಕೊಂಡಾಗ ಅವರು ಹೇಳಿದ್ದು ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ. ಕೆಥೆಡ್ರಲ್ ಬಾಗಿಲಿನಿಂದ ಚೌಕದತ್ತ ನೋಡಿದಂತೆ ಕಲ್ಪಿಸಿಕೊಂಡಾಗ, ಮೊದಲು ಬಿಟ್ಟುಹೋಗಿದ್ದ ಕಟ್ಟಡಗಳು ಈಗ ಬಲಗಡೆಗೆ ಬಂದು ನೆನಪಾದವು! 1978ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಅವರ ನೆನಪು ಅಳಿಸಿರಲಿಲ್ಲ. ಕಲ್ಪನೆಯ ಚಿತ್ರದಲ್ಲೂ ಎಡಭಾಗ ಮೂಡುತ್ತಿರಲಿಲ್ಲ.