ಮಣ್ಣಿನಲ್ಲಿ ಎತ್ತೇ ಏಕೆ?

ದೊಡ್ಡದನ್ನು ಚಿಕ್ಕದಾಗಿ ಮಾಡಿ ಕಣ್ಣ ಮುಂದೆ ಇಟ್ಟುಕೊಳ್ಳಬೇಕೆಂಬ ಆಸೆ ಮನುಷ್ಯನಿಗೆ ಬಹು ಹಳೆಯದು. ತೇರನ್ನು ಪಡಸಾಲೆಯಲ್ಲಿ ಎಳೆಯಬೇಕು, ಹಡಗನ್ನು ಗೋಡೆಯ ಗೂಡಿನಲ್ಲಿ ನಿಲ್ಲಿಸಬೇಕು, ಆನೆಯನ್ನು ಅಂಗೈಯ ಮೇಲೆ ನಡೆಸಬೇಕು. ಇಂಥ ಆಸೆಯಿಲ್ಲದ ಜನಾಂಗವೊಂದು ಎಲ್ಲಿಯಾದರೂ ಇದ್ದೀತೆಂದು ನನಗೆ ತೋರುವುದಿಲ್ಲ. ಇಂಥ ಮಾದರಿಗಳನ್ನು ಹೇಗೆ ಮಾಡಬೇಕು ಎಂಬುದನ್ನು ತಿಳಿಸುವ ಪುಸ್ತಕಗಳು ಬೇಕಾದಷ್ಟಿವೆ. ಆದರೆ ಜಗತ್ತಿನಲ್ಲಿರುವ ಸಾವಿರಾರು ವಸ್ತುಗಳಲ್ಲಿ ಒಬ್ಬನು ಇದೊಂದನ್ನೇ ಏಕೆ ಆರಿಸಿಕೊಂಡ ಎಂದು ವಿಚಾರಿಸಿದವರು ಕಡಿಮೆ. ಕೇಳಿದರೂ ಮಾಡಿದವನಿಂದ ಬರುವ ಉತ್ತರ ಒಂದೇ: 'ಮನಸ್ಸಿಗೆ ಬಂತು, ಮಾಡಿದೆ.' ಮನಸ್ಸಿಗೆ ಅದೇ ಏಕೆ ಬಂತು ಎಂಬುದೇ ಇಲ್ಲಿಯ ಪ್ರಶ್ನೆ.

ಈ ಪ್ರಶ್ನೆಯನ್ನು ಹಿಡಿದು ಹೊರಟವನು ದೂರ ಹೋಗಬೇಕಾದ ಅಗತ್ಯವಿಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲದ ಸೀಮೆಯಲ್ಲಿ ಪ್ರತಿಯೊಂದು ಮನೆಯೂ ವರ್ಷಕ್ಕೊಮ್ಮೆ ಇಂಥ ಮಾದರಿಯೊಂದನ್ನು ಒಳಗೆ ಬರಮಾಡಿಕೊಳ್ಳುತ್ತದೆ. ಕಾರಹುಣ್ಣಿವೆ ಕಳೆದ ಹದಿನೈದು ದಿನಕ್ಕೆ, ಜ್ಯೇಷ್ಠ ಮಾಸದ ಕೊನೆಯ ದಿನ, ಮಣ್ಣೆತ್ತಿನ ಅಮಾವಾಸ್ಯೆ. ಹುಣ್ಣಿವೆಯ ದಿನ ಜೀವಂತ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಓಡಿಸಿ ಕರಿ ಹರಿದ ಅದೇ ಕೈಗಳು ಅಮಾವಾಸ್ಯೆಯ ದಿನ ಕೆರೆಯ ಜಿಗುಟು ಮಣ್ಣನ್ನು ನಾದಿ ಒಂದು ಜೋಡಿ ಎತ್ತು ಮಾಡುತ್ತವೆ. ಎತ್ತುಗಳ ಮುಂದೆ ಮಣ್ಣಿನದೇ ಗ್ವಾದಲಿ. ಪೂಜೆ, ನೈವೇದ್ಯ. ಮರುದಿನ ಹುಡುಗರು ಕಾಲು ಮುರಿದ ಮಣ್ಣೆತ್ತೊಂದನ್ನು ಹಿಡಿದುಕೊಂಡು, ಆ ಕುಂಟೆತ್ತಿನ ಹೆಸರಿನಲ್ಲಿ ಮನೆಮನೆಗೆ ಹೋಗಿ ಜೋಳ ಬೇಡುತ್ತಾರೆ.

ನಮ್ಮ ಮಳೆಗಾಲದಲ್ಲಿ ಮಣ್ಣಿನ ಪೂಜೆಗಳು ಒಂದರ ಬೆನ್ನಿಗೊಂದು ಬರುತ್ತವೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಪಂಚಮಿಗೆ ನಾಗಪ್ಪ, ಚೌತಿಗೆ ಗಣಪ್ಪ, ಅವನ ಹಿಂದೆಯೇ ಜೋಕುಮಾರ. ಇವರೆಲ್ಲ ದೇವರು, ಹಬ್ಬಕ್ಕೆ ಬಂದು ಹೋಗುವವರು. ಇವರೆಲ್ಲರಿಗಿಂತ ಮುಂಚೆ ಬರುವ ಎತ್ತು ಮಾತ್ರ ಮನೆಯ ಕೊಟ್ಟಿಗೆಯಲ್ಲಿ ನಿಂತು ಹುಲ್ಲು ತಿನ್ನುವ ಪ್ರಾಣಿ. ಗೌಡರ ವಾಡೆಯನ್ನಾಗಲಿ, ಅರಸನ ಕುದುರೆಯನ್ನಾಗಲಿ ಒಕ್ಕಲಿಗನು ಮಣ್ಣಿನಲ್ಲಿ ಮಾಡಲು ಹೊರಡಲಿಲ್ಲ. ತನ್ನ ಕೈಗೆ ದಿನವೂ ತಾಕುವ ಬೆನ್ನನ್ನು ಮಾಡಿದನು.

ಎತ್ತನ್ನು ಆರಿಸಿಕೊಳ್ಳುವುದು ನಮ್ಮಲ್ಲಿಯೇ ಹುಟ್ಟಿದ ರೂಢಿಯಲ್ಲ. ಮಹಾರಾಷ್ಟ್ರದ ದೈಮಾಬಾದಿನಲ್ಲಿ 1974ರಲ್ಲಿ ಮರದ ಬೇರು ಅಗೆಯುತ್ತಿದ್ದಾಗ ಕಂಚಿನ ನಾಲ್ಕು ಪ್ರತಿಮೆಗಳು ಸಿಕ್ಕಿದವು. ಅವುಗಳಲ್ಲೊಂದು ಎರಡು ಎತ್ತು ಹೂಡಿದ ರಥ. ಅದರ ಉದ್ದ ಸುಮಾರು 45 ಸೆಂಟಿಮೀಟರ್. ರಥದ ಮೇಲೆ ಒಬ್ಬ ಮನುಷ್ಯ ನಿಂತಿದ್ದಾನೆ. ಸಿಂಧೂ ಕಣಿವೆಯ ನಗರಗಳಲ್ಲಿ ಸುಟ್ಟ ಮಣ್ಣಿನ ಬಂಡಿಗಳೂ ಎತ್ತುಗಳೂ ಹೇರಳವಾಗಿ ದೊರೆತಿವೆ. ಸಾವಿರಾರು ವರ್ಷಗಳ ಹಿಂದಿನ ಆ ಕೈಗಳಿಗೂ ನಮ್ಮ ಕೈಗಳಿಗೂ ಹೊಳೆದದ್ದು ಒಂದೇ ವಸ್ತು.

ಪಾಶ್ಚಾತ್ಯ ದೇಶಗಳಲ್ಲಿ ಮಾದರಿ ಮಾಡುವುದು ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಅಲ್ಲಿ ಎಲ್ಲಕ್ಕೂ ಅಳತೆಯುಂಟು. ಆರು ಅಡಿಯ ಮನುಷ್ಯನೆಂದರೆ 72 ಅಂಗುಲ. ಅವನನ್ನು ಒಂದು ಅಂಗುಲಕ್ಕೆ ಇಳಿಸಿದರೆ 1:72ರ ಪ್ರಮಾಣ. ವಿಮಾನಗಳ ಮಾದರಿಗಳಿಗೆ ಈ ಪ್ರಮಾಣ ಇಂದಿಗೂ ಬಳಕೆಯಲ್ಲಿದೆ. ನಮ್ಮ ಮಣ್ಣೆತ್ತಿಗೆ ಇರುವ ಅಳತೆಪಟ್ಟಿ ಚೋಟು ಮತ್ತು ಗೇಣು. ಅದರಲ್ಲಿಯೂ ಡುಬ್ಬ ಇರಬೇಕಾದುದಕ್ಕಿಂತ ದೊಡ್ಡದು, ಕೋಡು ಇನ್ನೂ ಉದ್ದ, ಕಾಲು ಗಿಡ್ಡ. ಇದನ್ನು ಕೌಶಲದ ಕೊರತೆಯೆಂದು ನಾನು ತಿಳಿಯಲಾರೆ. ನೊಗ ಕೂಡ್ರುವ ಸ್ಥಳ ಡುಬ್ಬದ ಮುಂಭಾಗ. ಪ್ರೀತಿಯಿಂದ ಬಣ್ಣ ಬಳಿಯುವ ಸ್ಥಳ ಕೋಡು. ಕೈ ಯಾವುದನ್ನು ಹೆಚ್ಚು ಬಲ್ಲದೋ ಅದು ಮಣ್ಣಿನಲ್ಲಿ ದೊಡ್ಡದಾಗುತ್ತದೆ.

ಆದರೆ ಬಲ್ಲೆವೆಂದ ಮಾತ್ರಕ್ಕೆ ಮಾಡುತ್ತೇವೆಯೆ? ಒಕ್ಕಲಿಗನಿಗೆ ಕುರ್ಚಿಗಿ ಗೊತ್ತು, ಹಗ್ಗ ಗೊತ್ತು, ಬಾರುಕೋಲು ಗೊತ್ತು. ಅವುಗಳ ಮಾದರಿಗಾಗಿ ಯಾರೂ ಮಣ್ಣು ನಾದುವುದಿಲ್ಲ. ಪರಿಚಯದೊಡನೆ ಇನ್ನೊಂದು ಕಾರಣವೂ ಕೂಡಿರಬೇಕು. ಅದು ಏನೆಂಬುದು ನನಗೆ ಹೊಳೆದದ್ದು ನವಲಗುಂದ ತಾಲೂಕಿನ ಹಿರಿಯರೊಬ್ಬರ ಪಡಸಾಲೆಯಲ್ಲಿ. ಹೊಲ ಉಳುವುದಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರತೊಡಗಿದ ಮೇಲೆ ಅವರು ತಮ್ಮ ಎತ್ತುಗಳನ್ನು ಮಾರಿ ಹತ್ತು ವರ್ಷಗಳಾಗಿವೆ. ಕೊಟ್ಟಿಗೆಯಲ್ಲಿ ಈಗ ಗೊಬ್ಬರದ ಚೀಲಗಳಿವೆ. ಆದರೂ ಅಮಾವಾಸ್ಯೆಯ ಮುನ್ನಾದಿನ ಅವರು ಮಣ್ಣು ತರುವುದನ್ನು ಬಿಟ್ಟಿಲ್ಲ. ಪೇಟೆಯಲ್ಲಿ ಅಚ್ಚಿನ ಎತ್ತುಗಳು ಬಣ್ಣ ಹಚ್ಚಿಕೊಂಡೇ ಸಿಗುತ್ತವೆಂದು ಸೊಸೆ ಹೇಳಿದರೂ ಕೇಳುವುದಿಲ್ಲ. ಅವರು ಮಾಡಿದ ಜೋಡಿಯಲ್ಲಿ ಎಡಗಡೆಯ ಎತ್ತಿನ ಒಂದು ಕೋಡು ಕೆಳಕ್ಕೆ ಬಾಗಿತ್ತು. ಹಸಿ ಮಣ್ಣು ಜೋತುಬಿದ್ದಿರಬಹುದೇ ಎಂದು ಕೇಳಿದೆ. ಅಜ್ಜ ಕೈ ತೊಳೆಯುತ್ತ ಹೇಳಿದರು:

'ಇಲ್ಲರಿ ಮಾಸ್ತರ, ನಾನೇ ಬಗ್ಗಿಸೇನಿ. ಎಡಕ್ಕ ಹೂಡತಿದ್ದ ನಮ್ಮ ಹಣಮ್ಯಾನ ಕೋಡ ಹಿಂಗ ಇತ್ತು. ನೆಟ್ಟಗ ಮಾಡಿದ್ರ ಅದು ಮಂದಿ ಎತ್ತ ಆಕ್ಕೈತಿ.'

ಮಂದಿಯ ಎತ್ತು! ಈ ಒಂದು ಮಾತಿನಲ್ಲಿ ನನ್ನ ಪ್ರಶ್ನೆಯ ಉತ್ತರದ ಬಹುಭಾಗ ಅಡಗಿದೆ ಎನ್ನಿಸಿತು. ಅಜ್ಜ ಮಾಡುತ್ತಿದ್ದುದು ಎತ್ತು ಎಂಬ ಜಾತಿಯನ್ನಲ್ಲ. ಮಾರಿಹೋದ ಒಂದು ಎತ್ತನ್ನು. ದೊಡ್ಡದಾಗಿ ಇಟ್ಟುಕೊಳ್ಳಲಾಗದೆ ಹೋದುದನ್ನು ಮನುಷ್ಯ ಚಿಕ್ಕದಾಗಿ ಇಟ್ಟುಕೊಳ್ಳುತ್ತಾನೆ. ಕುರ್ಚಿಗಿ ಕಳೆದರೆ ಇನ್ನೊಂದು ಕುರ್ಚಿಗಿ ಬರುತ್ತದೆ. ಬಾಗಿದ ಕೋಡಿನ ಹಣಮ್ಯಾ ಇನ್ನೊಂದು ಬರುವುದಿಲ್ಲ.

ಈ ಮಾತು ಎರೆಹೊಲಕ್ಕೆ ಮಾತ್ರ ಸಲ್ಲುವಂಥದಲ್ಲ. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಸೆರೆಸಿಕ್ಕ ಸಾವಿರಾರು ಫ್ರೆಂಚರನ್ನು ಇಂಗ್ಲೆಂಡಿನ ನಾರ್ಮನ್ ಕ್ರಾಸ್ ಮುಂತಾದ ಶಿಬಿರಗಳಲ್ಲಿ ಇಟ್ಟಿದ್ದರು. ನಾರ್ಮನ್ ಕ್ರಾಸ್ ಶಿಬಿರ 1797ರಿಂದ 1814ರವರೆಗೆ ನಡೆಯಿತು. ಊಟದಲ್ಲಿ ಉಳಿದ ಎಲುಬುಗಳನ್ನು ಕೂಡಿಸಿ, ಕೆರೆದು, ಕೊರೆದು, ಆ ಸೆರೆಯಾಳುಗಳು ಹಡಗುಗಳ ಮಾದರಿಗಳನ್ನು ಮಾಡಿದರು. ಹಾಯಿಯ ಹಗ್ಗ, ತೋಪಿನ ಸಾಲು ಒಂದನ್ನೂ ಬಿಡಲಿಲ್ಲ. ಮಾರಿ ನಾಲ್ಕು ಕಾಸು ಸಂಪಾದಿಸುವ ಉದ್ದೇಶವೂ ಇತ್ತೆಂಬುದು ನಿಜ. ಆದರೆ ಮಾರಲಿಕ್ಕೆ ಡಬ್ಬಿ, ಆಟಿಕೆಗಳೂ ಆಗುತ್ತಿದ್ದವು, ಅವನ್ನೂ ಅವರು ಮಾಡಿದರು. ಅವರಲ್ಲಿ ನಾವಿಕರಾಗಿದ್ದವರು ಸಮುದ್ರ ಕಾಣದ ಬಯಲಿನಲ್ಲಿ ಕುಳಿತು ಹಗ್ಗಹಗ್ಗವನ್ನೂ ನೆನೆದು ಹಡಗು ಕಟ್ಟಿದ್ದನ್ನು ವ್ಯಾಪಾರವೊಂದರಿಂದಲೇ ವಿವರಿಸಲು ಬಾರದು. ನಮ್ಮ ಅಜ್ಜನಿಗೂ ಆ ನಾವಿಕರಿಗೂ ಭಾಷೆ ಬೇರೆ, ಕೈಯ ಕೆಲಸದ ಹಿಂದಿನ ನೋವು ಒಂದೇ.

ಹಾಗಾದರೆ ಕಂಡೇ ಇರದ, ಎಂದೂ ತನ್ನದಾಗಿರದ ವಸ್ತುವನ್ನು ಮಾಡುವವರಿಲ್ಲವೆ ಎಂದು ಓದುಗರು ಕೇಳಬಹುದು. ಇದ್ದಾರೆ, ಅವರ ಸಾಕ್ಷ್ಯವೂ ಹತ್ತಿರದಲ್ಲಿಯೇ ಇದೆ. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯ ಸುಮಾರು 1050ರದು; 76 ಕಂಬಗಳ ಈ ಗುಡಿ ಬಳಪದ ಕಲ್ಲಿನಲ್ಲಿ ಕಟ್ಟಿದ ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಮೊದಲನೆಯದೆಂದು ಹೆಸರಾಗಿದೆ. ಮೆತ್ತನೆಯ ಈ ಕಲ್ಲು ಉಳಿಗೆ ಒಲಿಯಿತು. ಶಿಲ್ಪಿಯ ಕೆಲಸ ಸಣ್ಣದಾಯಿತು, ಸೂಕ್ಷ್ಮವಾಯಿತು. ಅಲ್ಲಿಂದ ಲಕ್ಕುಂಡಿಗೆ, ಇಟಗಿಗೆ ಹೋಗಿ ಆ ಕಾಲದ ಗುಡಿಗಳ ಹೊರಗೋಡೆಗಳನ್ನು ನಿಧಾನವಾಗಿ ನೋಡಬೇಕು. ಗೋಡೆಗಂಬಗಳ ನೆತ್ತಿಯ ಮೇಲೆ ಗೇಣುಗಾತ್ರದ, ಮೊಳಗಾತ್ರದ ಪುಟ್ಟ ಶಿಖರಗಳಿವೆ. ಗುಡಿಯ ಮೈಮೇಲೆಯೇ ಗುಡಿಗಳ ಮಾದರಿ! ಅವುಗಳಲ್ಲಿ ಕೆಲವು ನಮ್ಮ ಸೀಮೆಯ ದ್ರಾವಿಡ ಕಟ್ಟಡದವಲ್ಲ, ಉತ್ತರ ದೇಶದ ನಾಗರ ಶಿಖರಗಳು. ದೊಡ್ಡದಾಗಿ ಕಟ್ಟುವ ಸಂದರ್ಭ ಆ ಶಿಲ್ಪಿಗೆ ಒದಗಿತೋ ಇಲ್ಲವೋ. ಗೋಡೆಯ ಮೇಲೆ ಮಾತ್ರ ಅವನು ಅದನ್ನು ಕಟ್ಟಿಬಿಟ್ಟ. ಮಕ್ಕಳಿಲ್ಲದವರು ದೇವರಿಗೆ ಪುಟ್ಟ ತೊಟ್ಟಿಲಿನ ಹರಕೆ ಹೊರುವುದೂ ಇದೇ ಬಗೆಯದು. ಕಳೆದುಹೋದುದು ಹೇಗೋ, ಇನ್ನೂ ಕೈಗೆ ಬಾರದುದೂ ಹಾಗೆಯೇ. ಎರಡೂ ಮನೆಯಲ್ಲಿ ಇಲ್ಲದವು, ಮನಸ್ಸಿನಲ್ಲಿ ಇರುವಂಥವು.

ಕೆಲವು ವರ್ಷಗಳ ಹಿಂದೆ ನಾನು ಪಾಠ ಹೇಳುತ್ತಿದ್ದ ಶಾಲೆಯಲ್ಲಿ ಮಣ್ಣೆತ್ತು ಮಾಡುವ ಸ್ಪರ್ಧೆ ನಡೆಯಿತು. ಎಲ್ಲ ಹುಡುಗರೂ ಎತ್ತು ಮಾಡಿದರು, ಒಬ್ಬನು ಟ್ರ್ಯಾಕ್ಟರ್ ತಂದ. ಜೋಳದ ದಂಟಿನ ಮೈ, ಹಳೆಯ ಚಪ್ಪಲಿ ಕೊಯ್ದು ಮಾಡಿದ ಗಾಲಿ, ಪೆನ್ನಿನ ಖಾಲಿ ಕಡ್ಡಿಯ ಹೊಗೆಕೊಳವೆ. ಮಣ್ಣು ಇದ್ದುದು ಎಂಜಿನ್ನಿನ ಭಾಗಕ್ಕೆ ಮಾತ್ರ. ಸ್ಪರ್ಧೆಯ ನಿಯಮಕ್ಕೆ ಹೊಂದದೆಂದು ಅದನ್ನು ಪಕ್ಕಕ್ಕಿಟ್ಟರು. ಸಂಪ್ರದಾಯವೇ ಹುಡುಗರಿಗೆ ಬೇಡವಾಯಿತೆಂದು ಕೂಡಿದ ಹಿರಿಯರು ನೊಂದುಕೊಂಡರು. ನಾನು ಹುಡುಗನನ್ನು ಕರೆದು, ಎತ್ತನ್ನೇಕೆ ಮಾಡಲಿಲ್ಲವೆಂದು ಕೇಳಿದೆ. ಅವನು ತಲೆ ತಗ್ಗಿಸಿಯೇ ಹೇಳಿದ: 'ನಮ್ಮ ಮನ್ಯಾಗ ಎತ್ತ ಇದ್ದಿದ್ದಿಲ್ಲರಿ ಸರ. ಟ್ರ್ಯಾಕ್ಟರ್ ಇತ್ತರಿ.'

ಇತ್ತು ಎಂದನೇ ಹೊರತು ಇದೆ ಎನ್ನಲಿಲ್ಲ. ಎರಡು ವರ್ಷ ಮಳೆ ಕೈಕೊಟ್ಟು, ಸಾಲದ ಕಂತು ನಿಂತು, ಅವನ ತಂದೆಯ ಟ್ರ್ಯಾಕ್ಟರ್ ಹೋದ ಸಂಗತಿ ಆಮೇಲೆ ತಿಳಿಯಿತು. ಮಾದರಿಯನ್ನು ಮತ್ತೊಮ್ಮೆ ಎತ್ತಿ ನೋಡಿದೆ. ಹಿಂದಿನ ಗಾಲಿಯ ಮೇಲಿನ ರಟ್ಟಿನ ಹೊದಿಕೆಯನ್ನು ಹುಡುಗ ಒಂದು ಕಡೆ ಬೇಕೆಂದೇ ನಗ್ಗಿಸಿದ್ದ. ಹಿಂದಕ್ಕೆ ತೆಗೆಯುವಾಗ ಬಾವಿಯ ಕಟ್ಟೆಗೆ ಬಡಿದ ಗುರುತಂತೆ. ಹಣಮ್ಯಾನ ಬಾಗಿದ ಕೋಡಿಗೂ ಈ ನಗ್ಗಿಗೂ ನನಗೆ ಯಾವ ಭೇದವೂ ತೋರಲಿಲ್ಲ. ಆ ದಿನ ಮೈದಾನದಲ್ಲಿ ಸಾಲಾಗಿ ನಿಂತಿದ್ದ ಅಂದವಾದ ಎತ್ತುಗಳಲ್ಲಿ ಎಷ್ಟೋ 'ಮಂದಿಯ ಎತ್ತು'ಗಳಾಗಿದ್ದವು. ಮಣ್ಣೆತ್ತಿನ ಧರ್ಮವನ್ನು ಪಾಲಿಸಿದವನು ಟ್ರ್ಯಾಕ್ಟರ್ ಮಾಡಿದ ಹುಡುಗ.

ಟ್ರ್ಯಾಕ್ಟರಿನ ಮಾದರಿಗೆ ಇನ್ನೊಂದು ಬಗೆಯ ಚರಿತ್ರೆಯೂ ಉಂಟು. ಪ್ಲಾಸ್ಟಿಕ್ ಮಾದರಿಗಳಿಗೆ ಜಗತ್ಪ್ರಸಿದ್ಧವಾದ ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1949ರಲ್ಲಿ ಮೊದಲು ತಯಾರಿಸಿದ ಮಾದರಿ ಯುದ್ಧವಿಮಾನವಲ್ಲ, ಫರ್ಗ್ಯುಸನ್ ಟ್ರ್ಯಾಕ್ಟರ್. ಅದನ್ನು ಆರಿಸಿದವರು ಯಾರೂ ಹವ್ಯಾಸಿಗಳಲ್ಲ. ಟ್ರ್ಯಾಕ್ಟರ್ ಮಾರುವವರು ಪ್ರಚಾರಕ್ಕಾಗಿ ಮಾಡಿಸಿದರು. 1942ರಲ್ಲಿ ಅಮೆರಿಕದ ನೌಕಾದಳ ಶಾಲೆಯ ವಿದ್ಯಾರ್ಥಿಗಳಿಂದ 5 ಲಕ್ಷ ವಿಮಾನ ಮಾದರಿಗಳನ್ನು ಬೇಡಿತು. 1:72ರ ಆ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ, ನಿಜವಾದ ವಿಮಾನವನ್ನು ಅರ್ಧ ಮೈಲಿನಿಂದ ಕಂಡಂತೆ. ಶತ್ರುವಿನದೋ ತಮ್ಮದೋ ಎಂದು ಸೈನಿಕರು ಗುರುತಿಸಲು ಅದರಿಂದ ಕಲಿತರು. ಇವೆಲ್ಲ ಉಪಯುಕ್ತ ಕೆಲಸಗಳು, ಸಂದೇಹವಿಲ್ಲ. ಆದರೆ ಇಲ್ಲಿ ಏನು ಮಾಡಬೇಕೆಂದು ಹೇಳಿದವರು ಬೇರೆ, ಮಾಡಿದವರು ಬೇರೆ. ಕೈಯ ಚಳಕ ಕಾಣುತ್ತದೆ. ಮಾಡಿದವನು ಯಾರೆಂಬುದು ಕಾಣುವುದಿಲ್ಲ.

ನಮ್ಮ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳನ್ನು ನೋಡುವಾಗ ನನಗೆ ಈ ಭೇದ ನೆನಪಾಗುತ್ತದೆ. ವರ್ಷವೂ ಅದೇ ಜ್ವಾಲಾಮುಖಿ, ಅದೇ ಸೌರಮಂಡಲ, ಅದೇ ಗಾಳಿಯಂತ್ರ. ಎಷ್ಟೋ ಸಲ ಅಂಗಡಿಯಿಂದ ಥರ್ಮೋಕೋಲಿನಲ್ಲಿ ಸಿದ್ಧವಾಗಿಯೇ ಬಂದದ್ದು. ಕಲಘಟಗಿಯ ಕಾಡಂಚಿನ ಹುಡುಗನೂ ನವಲಗುಂದದ ಬಯಲಿನ ಹುಡುಗನೂ ಒಂದೇ ಜ್ವಾಲಾಮುಖಿಯನ್ನು ಮಾಡಿ ತಂದರೆ, ಇಬ್ಬರ ವಿಷಯವೂ ನಮಗೆ ಏನೂ ತಿಳಿದಂತಾಗಲಿಲ್ಲ. ಶಿಕ್ಷಕರಿಗೆ ನನ್ನದೊಂದು ವಿನಂತಿಯಿದೆ. ಒಂದು ಸಲವಾದರೂ ವಿಷಯವನ್ನು ಕೊಡದೆ ಬಿಟ್ಟು ನೋಡಿರಿ. ಮಾದರಿಗೆ ಅಂಕ ಹಾಕುವ ಮೊದಲು, 'ಇದನ್ನೇ ಯಾಕ ಮಾಡಿದಿಯೋ ತಮ್ಮಾ?' ಎಂದು ಹತ್ತಿರ ಕುಳಿತು ಕೇಳಿರಿ. ಉತ್ತರ ಬರಲು ತಡವಾದೀತು. ಬಂದಾಗ ಮಾತ್ರ ಆ ಮನೆಯ ಬಾಗಿಲು ಸ್ವಲ್ಪ ತೆರೆದೀತು.

ನಮ್ಮ ಎರೆಹೊಲದ ಜಿಗುಟು ಮಣ್ಣನ್ನು ಉಳಲೆಂದೇ ಬೆಳೆಸಿದ ಕೃಷ್ಣಾ ತೀರದ ಭಾರಿ ಎತ್ತುಗಳು ಈಗ ಕಾಣಸಿಗುವುದೇ ಅಪರೂಪ. ಎತ್ತಿನ ಕೊರಳನ್ನು ಒಮ್ಮೆಯೂ ಸವರದ ಮಕ್ಕಳು ಮುಂದೆ ಪೇಟೆಯಿಂದ ಅಚ್ಚಿನ ಜೋಡಿ ತಂದು ಪೂಜೆ ಮಾಡಿಯಾರು. ಮಾಡಲಿ, ಹಬ್ಬ ಉಳಿಯಲಿ. ಆದರೆ ಅವರೂ ಒಂದು ದಿನ ಏನನ್ನೋ ಕಳೆದುಕೊಂಡು ಕೈಗೆ ಮಣ್ಣನ್ನೋ ರಟ್ಟನ್ನೋ ತೆಗೆದುಕೊಂಡಾರು. ಅದು ಎತ್ತಲ್ಲವೆಂದು ಆಗ ಯಾರೂ ಅವರನ್ನು ಪಂಕ್ತಿಯಿಂದ ಎಬ್ಬಿಸದಿರಲಿ. ಟ್ರ್ಯಾಕ್ಟರಿನ ಹುಡುಗ ಶಾಲೆ ಮುಗಿಸಿ ಈಗ ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದಾನೆ. ಅವನ ಆ ಮಾದರಿ ಅವರ ಮನೆಯ ದೇವರ ಜಗಲಿಯ ಪಕ್ಕದ ಗೂಡಿನಲ್ಲಿದೆ. ಅಮಾವಾಸ್ಯೆಯ ದಿನ ಅವನ ತಾಯಿ ಅದಕ್ಕೂ ಒಂದು ಹೂವು ಏರಿಸುತ್ತಾರೆ.